ಕಚ್ಚಾ ಹೊಲಿಗೆ

ಬೀದಿಯವರು ಅವನಿಗೆ ಇಟ್ಟ ಹೆಸರು ನಾಳೆ ಟೇಲರ್. ಯಾವ ಗಿರಾಕಿ ಬಂದು ಕೇಳಿದರೂ “ನಾಳೆ ಖಂಡಿತ” ಎನ್ನುತ್ತಿದ್ದ. ಸುಳ್ಳು ಹೇಳಬೇಕೆಂದು ಹೇಳುತ್ತಿದ್ದವನಲ್ಲ, ಪಾಪ. ಎದುರಿಗೆ ನಿಂತವರಿಗೆ ಇಲ್ಲ ಎನ್ನಲು ಅವನಿಗೆ ಬಾಯಿಯೇ ಬರುತ್ತಿರಲಿಲ್ಲ.

ಪ್ರಾಣಿಗಳ ಆಶ್ರಯಕ್ಕೆ ಅವನು ಹೋದದ್ದು ಚೂರುಬಟ್ಟೆಗಳಿಂದ ಹೊಲಿದ ಹಾಸುಗಳನ್ನು ಕೊಟ್ಟು ಬರೋಣವೆಂದು. ಅಲ್ಲೊಂದು ಹಸ್ಕಿ ಜಾತಿಯ ನಾಯಿ ಇತ್ತು. ಒಂದೂವರೆ ವರ್ಷದ್ದು, ಒಂದು ಕಣ್ಣು ನೀಲಿ, ಇನ್ನೊಂದು ಕಂದು; ನಿಂತಲ್ಲಿ ನಿಲ್ಲದ ಜೀವ. ಅದು ಬಂದು ಅವನ ಪಾದದ ಮೇಲೆ ಕೂತುಬಿಟ್ಟಿತು.

“ಎರಡು ಮನೆಯವರು ಇದನ್ನ ವಾಪಸ್ ತಂದು ಬಿಟ್ಟಿದ್ದಾರೆ,” ಎಂದಳು ಆಶ್ರಯ ನೋಡಿಕೊಳ್ಳುವ ಹೆಂಗಸು. “ಮೂರನೇ ಸಲ ಬಂದ್ರೆ ಆಮೇಲೆ ಯಾರಿಗೂ ಕೊಡಲ್ಲ. ಕೊನೇ ತನಕ ಬೋನೇ ಗತಿ. ಆಗುತ್ತಾ ನಿಮ್ಮ ಕೈಲಿ?”

ಆಗುವುದಿಲ್ಲವೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. “ಆಗುತ್ತೆ” ಎಂದ.

“ಇರಲಾರದೆ ಇರುವೆ ಬಿಟ್ಕೊಂಡೆಯಲ್ಲೋ,” ಎಂದಳು ಮನೆಯಲ್ಲಿ ಅಕ್ಕ. ತಮ್ಮನಿಗೆ ಕಾಜಾ ಹೊಲಿದುಕೊಡುತ್ತ, ಗುಂಡಿ ಹಾಕಿಕೊಡುತ್ತ ಅವಳೂ ಆ ಅಂಗಡಿಯಲ್ಲೇ ಮುದುಕಿಯಾಗಿದ್ದಳು. ಅವಳ ಮಾತು ಸುಳ್ಳಾಗಲಿಲ್ಲ. ಯಂತ್ರ ತುಳಿದರೆ ನಾಯಿ ಜೊತೆಗೆ ಊಳಿಡುತ್ತಿತ್ತು. ಒಬ್ಬ ಮದುಮಗನ ಪ್ಯಾಂಟಿನ ಎಡಗಾಲು ಮಂಚದಡಿ ಚಿಂದಿಯಾಗಿ ಸಿಕ್ಕಿತು. ಹೊರಗೆ ಕರೆದೊಯ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಕತ್ತಿನ ಪಟ್ಟಿ ಎಷ್ಟು ಬಿಗಿದರೂ ತಲೆ ಹಿಂದಕ್ಕೆಳೆದು ಕಳಚಿಕೊಳ್ಳುತ್ತಿತ್ತು. ಎಲ್ಲಿ ಓಡಿಹೋಗುತ್ತದೋ ಎಂಬ ಭಯಕ್ಕೆ ಎರಡು ವಾರ ಅವನಿಗೆ ಸರಿಯಾಗಿ ಊಟ ಸೇರಲಿಲ್ಲ.

ಕೊನೆಗೆ ತನಗೆ ಗೊತ್ತಿದ್ದ ಒಂದೇ ಉಪಾಯಕ್ಕೆ ಕೈ ಹಾಕಿದ. ಟೇಪು ಹಿಡಿದು ಅದರ ಎದೆ, ಬೆನ್ನು, ಕಂಕುಳಿನ ಅಳತೆ ತೆಗೆದ. ದಪ್ಪ ಕ್ಯಾನ್ವಾಸ್ ಕತ್ತರಿಸಿದ. ಎದೆಯನ್ನೂ ಬೆನ್ನನ್ನೂ ಬಳಸಿ ಹಿಡಿಯುವಂಥ ಪಟ್ಟಿ. ಬಡಪಾಯಿಯ ತಪ್ಪು ಆಗಿದ್ದು ಇಲ್ಲೇ. ಮೂವತ್ತು ವರ್ಷದಲ್ಲಿ ಅವನು ಟ್ರಯಲ್ ನೋಡದೆ ಯಾವುದಕ್ಕೂ ಗಟ್ಟಿ ಹೊಲಿಗೆ ಹಾಕಿದವನಲ್ಲ. ಇದಕ್ಕೂ ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ನಡೆದಾಗ ಎಲ್ಲಿ ಬಿಗಿಯುತ್ತದೆ ನೋಡೋಣವೆಂದು ಬೀದಿಗಿಳಿದ.

ಅಷ್ಟರಲ್ಲಿ ಒಂದು ಬೆಕ್ಕು ಅಡ್ಡ ಬಂತು. ಪಟ್ಟಿ ಪರ್ರೆಂದು ಬಿಚ್ಚಿಕೊಂಡಿತು. ಬಿಚ್ಚಿದ ತುಂಡುಗಳು ಅವನ ಕೈಯಲ್ಲೇ ಉಳಿದವು, ನಾಯಿ ತಿರುವು ದಾಟಿಹೋಯಿತು.

ಮಧ್ಯಾಹ್ನದವರೆಗೆ ಗಲ್ಲಿ ಗಲ್ಲಿ ಅಲೆದ. ಕೂಗೋಣವೆಂದರೆ ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ನಾಳೆ ಇಟ್ಟರಾಯಿತು ಎಂದುಕೊಂಡಿದ್ದ. ಅಂಗಡಿಗೆ ಬಂದಾಗ ಅಕ್ಕ ಫೋನು ಹಿಡಿದು ನಿಂತಿದ್ದಳು. ಆಶ್ರಯದಿಂದ ಕರೆ ಬಂದಿತ್ತು: ನಾಯಿ ತಾನಾಗಿಯೇ ಅಲ್ಲಿನ ಗೇಟಿಗೆ ಹೋಗಿ ಕೂತಿತ್ತು.

ಅವನು ಹೋಗುವಷ್ಟರಲ್ಲಿ ಅದನ್ನು ಬೋನಿಗೆ ಹಾಕಿಯಾಗಿತ್ತು.

“ನಾನು ವಾಪಸ್ ತಂದಿಲ್ಲ ತಾಯಿ. ತಪ್ಪು ನನ್ನದು, ಅದರದ್ದಲ್ಲ. ಹೊಲಿಗೆ ಬಿಟ್ಟುಹೋಯ್ತು.”

“ನಮ್ಮ ಪುಸ್ತಕದಲ್ಲಿ ಇದು ಮೂರನೇ ಸಲವೇ,” ಎಂದಳು ಆಕೆ, ಬೇಸರದಿಂದಲೇ. “ನನ್ನ ಕೈಲಿ ಏನೂ ಇಲ್ಲ. ಮೇಲಿನವರನ್ನ ಕೇಳ್ತೀನಿ. ನಾಳೆ ಬನ್ನಿ.”

ನಾಳೆ ಎಂದರೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಮಾತು ಹೇಳುವಾಗ ಮುಖ ಹೇಗಿರುತ್ತದೆ, ಕಣ್ಣು ಎತ್ತ ತಿರುಗುತ್ತದೆ ಎಲ್ಲವೂ ಅವನಿಗೆ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ “ಇಲ್ಲ” ಎಂದ.

“ಇಲ್ಲ ತಾಯಿ. ನಾನು ಹೋಗಲ್ಲ.”

ಆಕೆ ಒಳಗೆ ಹೋದಳು. ಅವನು ಬೋನಿನ ಮುಂದೆ ನೆಲದ ಮೇಲೆ ಕೂತು, ಜೇಬಿನಿಂದ ಸೂಜಿ, ಮೇಣದ ದಾರ ತೆಗೆದು, ಜೊತೆಗೆ ತಂದಿದ್ದ ಬಿಚ್ಚಿದ ಪಟ್ಟಿಗೆ ಎರಡೆಳೆಯಲ್ಲಿ ಗಟ್ಟಿ ಹೊಲಿಗೆ ಹಾಕತೊಡಗಿದ. ಹಸ್ಕಿ ಸರಳುಗಳ ಸಂದಿಯಿಂದ ಮುಂಗಾಲು ಚಾಚಿ ಅವನ ಪಾದದ ಮೇಲಿಟ್ಟಿತು.