ಮೈಕಿಗಾದರೆ ಹಾಕುತ್ತಿದ್ದ

ಬೆವರು ಮೈಕನ್ನು ಕೊಲ್ಲುತ್ತದೆ ಎಂದು ನನಗೆ ಗೊತ್ತಾದದ್ದು ರಸಮಂಜರಿ ತಂಡ ಸೇರಿದ ಮೇಲೆ. ಧಾರವಾಡದಲ್ಲಿ ಎಂ.ಎ. ಓದುವಾಗ ಯಾರೂ ಹೇಳಿಕೊಟ್ಟಿರಲಿಲ್ಲ. ಕುಣಿಯುತ್ತ ಹಾಡುವವರಿಗೆ ಕೈಯಲ್ಲಿ ಮೈಕು ಹಿಡಿಯಲಾಗುವುದಿಲ್ಲ. ಕಿವಿಗೆ ಸಿಕ್ಕಿಸಿದ ಸಣ್ಣ ಮೈಕಿನ ವೈರು ಬೆನ್ನ ಮೇಲಿಂದ ಇಳಿದು ಸೊಂಟಕ್ಕೆ ಕಟ್ಟಿದ ಡಬ್ಬಿಗೆ ಸೇರುತ್ತದೆ. ನಮ್ಮ ಇಳಕಲ್ಲಿನ ಬೇಸಿಗೆಯಲ್ಲಿ ಒಂದೆರಡು ಹಾಡು ಮುಗಿಯುವುದರೊಳಗೆ ಆ ಡಬ್ಬಿ ಬೆವರಲ್ಲಿ ನೆನೆದು ಕರಕರ ಅನ್ನತೊಡಗುತ್ತದೆ. ಅದಕ್ಕೆ ನಮ್ಮ ಸೌಂಡಿನವನ ಉಪಾಯ ಕಾಂಡೋಮ್. ತಾನೇ ಕಂಡುಹಿಡಿದದ್ದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಎಲ್ಲ ಊರಿನ ಸೌಂಡಿನವರೂ ಹಾಗೇ ಮಾಡುತ್ತಾರೆಂದು ಆಮೇಲೆ ತಿಳಿಯಿತು. ಅದರ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಡಬ್ಬಿಗೆ ತೊಡಿಸಿ, ವೈರು ಹೊರಬರುವ ಕಡೆ ರಬ್ಬರ್ ಬ್ಯಾಂಡ್ ಸುತ್ತಿದರೆ ಆಯಿತು.

ಈ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಹೊಸತೇ ಆಗಬೇಕು. ತೊಳೆದು ಮತ್ತೊಮ್ಮೆ ಬಳಸಬಹುದಲ್ಲ ಎಂದ ತಂಡದ ಮಾಲಕರಿಗೇ, "ಅದೇನ ಕಾಲಚೀಲ ಏನ್ರಿ?" ಎಂದಿದ್ದ. ಪರದೆಯ ಹಿಂದೆ ನಾವು ಹೆಂಗಸರು ಅವನ ಮುಂದೆ ಸಾಲಾಗಿ ನಿಲ್ಲುತ್ತಿದ್ದೆವು. "ಹಾಕಿಸ್ಕೊಳ್ಳದ ಯಾರೂ ಸ್ಟೇಜ್ ಹತ್ತಬ್ಯಾಡ್ರಿ!" ಎಂದು ಮುಂದಿನ ಸಾಲಿನ ಹಿರಿಯರಿಗೂ ಕೇಳುವಂತೆ ಕೂಗುತ್ತಿದ್ದ.

ಬಾದಾಮಿಯ ಈ ಮನುಷ್ಯನೇ ನನ್ನವನು. ಬಾಗಲಕೋಟೆಯ ನವನಗರದಲ್ಲಿ ಅವನದೊಂದು ಬಾಡಿಗೆ ಕೋಣೆ ಇತ್ತು. ಕಾರ್ಯಕ್ರಮ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಆ ಕೋಣೆಯಲ್ಲಿ ಮಾತ್ರ ಅವನಿಗೆ ಕಾಂಡೋಮಿನ ನೆನಪೇ ಆಗುತ್ತಿರಲಿಲ್ಲ. ನನಗೂ ಆಗುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಯಾಕೆ ಬರುತ್ತಿರಲಿಲ್ಲ ಎಂಬುದಕ್ಕೆ ತಂಡದ ಹಿರಿಯ ನರ್ತಕಿಯ ಒಂದು ಮಾತು ಕಾರಣ. ಅವಳು ಹುನಗುಂದದವಳು, ನಮಗೆಲ್ಲ ಅಕ್ಕ. "ಹಾಕಿದ್ರ ಗಿರಾಕಿ, ಹಾಕದಿದ್ರ ಗಂಡ" ಅನ್ನುತ್ತಿದ್ದಳು. ಈ ಮಾತು ಇಷ್ಟು ಚೊಕ್ಕವಾಗಿ ಅವಳ ಬಾಯಿಂದಲೇ ಬಂದದ್ದೋ, ಅವಳ ಉದ್ದನೆಯ ಬೈಗುಳವನ್ನು ನಾನು ಎಂ.ಎ. ಬುದ್ಧಿಯಿಂದ ಕತ್ತರಿಸಿ ಸೂತ್ರ ಮಾಡಿದೆನೋ, ಈಗ ಖಾತ್ರಿಯಿಲ್ಲ. ಅರ್ಥ ಮಾತ್ರ ಅದೇ. ಸ್ಟೇಜಿನ ಮೇಲೆ ಕುಣಿಯುವವಳು ಎಂದರೆ ಕೇಳಿದವರ ಜೊತೆ ಹೋಗುವವಳು ಎಂದು ಊರು ತಿಳಿದುಕೊಂಡಿರುತ್ತದೆ. ನಮ್ಮ ಕಸುಬಿನಲ್ಲಿ ಹಾಗೆ ಹೋಗುವವರೂ ಇದ್ದಾರೆ. ಅವರು ಹೊರಗಿನವರ ಜೊತೆ ಬಹಳ ಹುಷಾರು. ಆದರೆ ಮನಸ್ಸು ಕೊಟ್ಟವನ ಜೊತೆ ಯಾರೂ ಬಳಸುವುದಿಲ್ಲ. ಕೊರಳಲ್ಲಿ ಅವನ ತಾಳಿ ಇಲ್ಲ, ರೇಶನ್ ಕಾರ್ಡಿನಲ್ಲಿ ಅವನ ಹೆಸರಿಲ್ಲ. ಇವನು ನಮ್ಮವನು ಎಂದು ತೋರಿಸಲು ಉಳಿದಿರುವುದು ಅದೊಂದೇ.

ನಾನು ಹಾಡುವವಳು ಮಾತ್ರ, ಅವನ ಹೊರತು ಇನ್ನೊಬ್ಬರ ಕಡೆ ಹೋದವಳಲ್ಲ, ಹಾಗಾಗಿ ಈ ಸೂತ್ರಕ್ಕೂ ನನಗೂ ಸಂಬಂಧವಿಲ್ಲ ಎಂದುಕೊಂಡಿದ್ದೆ. ಆದರೂ ಅದನ್ನು ತಪ್ಪದೆ ಪಾಲಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ನನ್ನ ಮುಟ್ಟು ತಡವಾಯಿತು. ಹೊಸ ಸೊಸೆಯ ಸೀಮಂತದ ಹಾಡು ಹಾಡುವಾಗಲೆಲ್ಲ ಬೆರಳಲ್ಲೇ ದಿನ ಎಣಿಸುತ್ತಿದ್ದೆ. ಕೊನೆಗೆ ಏನೂ ಇರಲಿಲ್ಲ. ಆದರೆ ಆ ಭಯ ಇಳಿಯಲಿಲ್ಲ. ಇನ್ನೊಂದು ತಿಂಗಳು ಹೀಗೆ ಕಾಯುವುದು ನನ್ನಿಂದಾಗದು ಅನ್ನಿಸಿತು. ರಿಹರ್ಸಲ್ಲಿನ ನಡುವೆ ಅಕ್ಕನನ್ನು ಮೂಲೆಗೆ ಕರೆದು ಹೇಳಿದೆ. ಪಕ್ಕದ ಮನೆಯ ಪವರ್‌ಲೂಮಿನ ಸದ್ದಿನಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕಿತ್ತು.

"ಹಾಕ್ಕೊ ಅನ್ನು ಅವಗ. ಅದಕ್ಯಾಕ ಇಷ್ಟ ಮಾರಿ ಸಣ್ಣ ಮಾಡ್ತಿ?"

"ಹಾಕಿದ್ರ ಗಿರಾಕಿ ಅಂತ ನೀನ ಅಂತಿದ್ದೆಲ್ಲ ಅಕ್ಕಾ?"

"ಅಂತಿದ್ನಿ. ಗಂಡ ಗಂಡ ಅಂತ ಬಿಟ್ಕೊಂಡು, ಆ ಭಾಡ್ಯಾನ ಕಡಿಂದ ರೋಗಾ ತಂದ್ಕೊಂಡು, ದವಾಖಾನ್ಯಾಗ ಎರಡೂ ಕಡೆ ಸೂಜಿ ಮಾಡಿಸ್ಕೊಂಡೇನಿ. ಲೇಡಿ ಡಾಕ್ಟರ್ ಕೇಳಿದ್ಲು, ಯಾರಿಂದ ಬಂತವಾ ಅಂತ. ನಮ್ಮ ಮನಿಯವ್ರಿಂದ್ರಿ ಅಂದೆ. ನಂಬ್ಲೇ ಇಲ್ಲ! ಗಿರಾಕಿಯಿಂದ ಅಂದಿದ್ರ ಪಟ್ನ ನಂಬತಿದ್ಲು."

ಹೇಳಿ ಅವಳೇ ನಕ್ಕಳು. ನನಗೆ ನಗು ಬಂತೋ ಇಲ್ಲವೋ ನೆನಪಿಲ್ಲ. ಬಂದಿರಬೇಕು, ಅಕ್ಕ ನಕ್ಕರೆ ಎದುರಿಗಿದ್ದವರಿಗೆ ಬೇರೆ ದಾರಿಯಿರಲಿಲ್ಲ. ಆಮೇಲೆ ಅವಳು ಕಿವಿಯ ಮೇಲೆ ಒಂದು ಪೆನ್ನು ಸಿಕ್ಕಿಸಿಕೊಂಡು, ಹೊಟ್ಟೆ ಮುಂದೆ ಮಾಡಿ, ಥೇಟ್ ನನ್ನವನ ಹಾಗೆ ನಡೆದು ಬಂದಳು.

"ಹೂಂ, ಈಗ ನಾನ ಅವಾ. ಮಾತಾಡು."

"ನಿನಗೊಂದ ಮಾತ ಹೇಳಬೇಕ," ಎಂದೆ.

"ರೊಕ್ಕಾ ಇಲ್ಲ."

"ಅಕ್ಕಾ!"

"ಅಂವ ಮದಲ ಹಂಗ ಅಂತಾನ. ಗಂಡಸರೆಲ್ಲಾ ಹಂಗ ಅಂತಾರ. ಮುಂದ ಹೇಳು."

ಮುಂದಿನದನ್ನು ಅಭ್ಯಾಸ ಮಾಡಲು ತಬಲದವನು ಬಿಡಲಿಲ್ಲ, ಹಾಡಿಗೆ ಕರೆದ.

ಮುಂದಿನ ವಾರ ನವನಗರದ ಕೋಣೆಯಲ್ಲಿ ಅವನು ಗಿರ್ಮಿಟ್ ತಿನ್ನುತ್ತ ಕೂತಿದ್ದಾಗ ಹೇಳಿದೆ. ಸಾಹಿತ್ಯ ಓದಿದವಳು, ಒಳ್ಳೆಯ ಪೀಠಿಕೆ ತಯಾರಿಸಿಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು ಒಂದೇ ಸಾಲು: "ಇನ್ನ ಮ್ಯಾಲ ಹಾಕ್ಕೊಬೇಕ ನೀ."

ಅವನು ಗಿರ್ಮಿಟ್ಟಿನ ಕಾಗದ ಕೆಳಗಿಟ್ಟ. "ನನ್ನ ಮ್ಯಾಲ ಸಂಶೆ ಏನ?"

"ಸಂಶೆ ಅಲ್ಲ. ನನಗ ಅಂಜಿಕಿ."

"ನಾ ಏನ ಗಿರಾಕಿ ಏನ?"

ಸೂತ್ರ ಅವನ ಕಿವಿಗೂ ಬಿದ್ದಿತ್ತು ಎಂದು ಆಗ ತಿಳಿಯಿತು. ಪರದೆ ಹಿಂದೆ ಸದಾ ಅವನಿರುತ್ತಿದ್ದನಲ್ಲ.

"ಮೈಕಿಗಿ ಹಾಕ್ತಿ," ಅಂದೆ. ಇದು ನನ್ನ ಬ್ರಹ್ಮಾಸ್ತ್ರವಾಗಿತ್ತು.

"ಮೈಕ್ ನನ್ನ ಪ್ರೀತಿ ಮಾಡತೈತೇನ?" ಎಂದ.

ಇಂದಿಗೂ ಆ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿಲ್ಲ. ಹಾಕಿಕೊಳ್ಳುವವರೆಗೂ ಈ ಕೋಣೆಗೆ ಬರುವುದಿಲ್ಲ ಎಂದು ಹೇಳಿ ಎದ್ದುಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಇವನು ಹೂಂ ಅನ್ನದೆ ಇದ್ದರೆ ಏನು ಮಾಡಲಿ ಎಂಬ ಹೊಸ ಭಯ ಶುರುವಾಯಿತು. ಅವನನ್ನು ಬಿಟ್ಟಿರುವುದು ನನಗೆ ಬೇಕಿರಲಿಲ್ಲ.

ಆಮೇಲಿನ ಕಾರ್ಯಕ್ರಮ ಕುಳಗೇರಿ ಕ್ರಾಸಿನಲ್ಲಿ, ಹೊಸ ಕಾಂಪ್ಲೆಕ್ಸಿನ ಉದ್ಘಾಟನೆಗೆ. ಸಂಜೆಯಾದರೂ ಸೆಖೆ ಇಳಿದಿರಲಿಲ್ಲ. ಮಾತು ಬಿಟ್ಟಿದ್ದವನು ಸೊಂಟಕ್ಕೆ ಡಬ್ಬಿ ಕಟ್ಟುತ್ತ ಕಿವಿಯ ಹತ್ತಿರ ಬಾಗಿ ಹೇಳಿದ: "ಇವತ್ತ ನಿನ್ನ ಮೈಕಿಗಿ ಹಾಕಿಲ್ಲ ನೋಡು. ನಮ್ಮಿಬ್ಬರ ನಡಕ ಏನೂ ಬ್ಯಾಡ."

ಅವನ ದನಿಯಲ್ಲಿ ಅಷ್ಟು ಪ್ರೀತಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಇದು ನಮ್ಮಿಬ್ಬರ ನಡುವಿನದಲ್ಲ, ನನ್ನ ಬೆವರು ಮತ್ತು ಡಬ್ಬಿಯ ನಡುವಿನದು ಎಂದು ಹೇಳಬೇಕು ಅನ್ನುವಷ್ಟರಲ್ಲಿ ನನ್ನ ಹಾಡಿನ ಸಂಗೀತ ಶುರುವಾಯಿತು.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಯುಗಳ ಗೀತೆಗೆ ಬಂದಾಗ ನನ್ನ ದನಿ ಕಾದ ಎಣ್ಣೆಗೆ ಬಿಟ್ಟ ಮಿರ್ಚಿಯಂತೆ ಚರ್ ಎಂದಿತು. ಆಮೇಲೆ ಸದ್ದೇ ಇಲ್ಲ. ನಾನು ಬಾಯಿ ತೆರೆಯುತ್ತಿದ್ದೇನೆ, ಮುಚ್ಚುತ್ತಿದ್ದೇನೆ.

"ಏ ತಂಗೀ, ಗಂಟಲಾಗ ಕರೆಂಟ್ ಹೋತೇನ?" ಎಂದು ಯಾರೋ ಕೂಗಿದರು. "ಲೇ, ಮೀನ ನೋಡ್ರಿಲೇ ಮೀನ!" ಎಂದು ಇನ್ನೊಬ್ಬ.

ಹಿಂದೆ ಕುಣಿಯುತ್ತಿದ್ದ ಅಕ್ಕ ಓಡಿಬಂದು ನನ್ನ ಸೊಂಟ ಹಿಡಿದು, ಕೆನ್ನೆಗೆ ಕೆನ್ನೆ ಒತ್ತಿದಳು. ಕೋರಸ್ಸಿಗೆಂದು ಅವಳಿಗೂ ಕಟ್ಟಿದ್ದ ಮೈಕಿನಲ್ಲೇ ನಾನು ಉಳಿದ ಹಾಡು ಹಾಡಿದೆ. ನಾಯಕನ ಸಾಲುಗಳನ್ನು ಹಾಡಬೇಕಾದವನು ದಿಕ್ಕು ತೋಚದೆ ನಮ್ಮಿಬ್ಬರನ್ನೂ ಸುತ್ತು ಹಾಕುತ್ತಿದ್ದ. ಜನ ಎದ್ದು ನಿಂತು ಸೀಟಿ ಹೊಡೆದರು. ಒನ್ಸ್ ಮೋರ್ ಬಂತು ಎಂದು ಅಕ್ಕ ಹೇಳುತ್ತಾಳೆ. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು "ಮೈಕ್ ಹೋಯಿತು" ಎಂದಷ್ಟೇ, ಹಾಗಾಗಿ ಅವಳ ಮಾತನ್ನು ಅಲ್ಲಗಳೆಯಲಾರೆ.

ಮರುದಿನ ಇಳಕಲ್ಲಿನ ರಿಪೇರಿಯವನ ಮುಂದೆ ನಾವು ಮೂವರೂ ಕೂತೆವು. ಅವನು ಡಬ್ಬಿ ಬಿಚ್ಚಿ ಮೂಗಿನ ಹತ್ತಿರ ಹಿಡಿದ. "ಇದನ್ನ ಹೊಳ್ಯಾಗ ಈಜಾಕ ಕಳಿಸಿದ್ರೇನ್ರಿ?"

"ಇಲ್ರಿ," ಎಂದ ನಮ್ಮವನು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದವನ ಹಾಗೆ. "ಯಾವಾಗಲೂ ಹಾಕೇ ಹಾಕ್ತೇನ್ರಿ. ಒಂದ ಸಲಕ್ಕ ಏನಾಗತೈತಿ ಅಂತ ಬಿಟ್ನಿ."

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವನ ಕಿವಿ ಮೆಲ್ಲಗೆ ಕೆಂಪಾಯಿತು. ಎದ್ದು ಹೊರಗೆ ಹೋದ. ನಾನೂ ಹಿಂದೆ ಹೋದೆ.

"ಹಾಕ್ಕೊಂಡ್ರ," ಎಂದ ರಸ್ತೆ ನೋಡುತ್ತ, "ನಾ ನಿನಗ ಯಾರು?"

ಈ ಸಲ ಅವನು ಜಗಳಕ್ಕೆ ಕೇಳಿರಲಿಲ್ಲ. ನನಗಿಂತ ಅವನಿಗೇ ಹೆಚ್ಚು ಭಯವಿತ್ತು.

"ಗಿರಾಕಿ ಆಗಿದ್ರ ಇಷ್ಟ ದಿನಾ ಸಿಟ್ಟಿಗೆದ್ದು ಮಾತ ಬಿಡತಿದ್ದೇನ?" ಎಂದೆ.

"ಅದೂ ಖರೇನ," ಎಂದ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಇನ್ನೂ ಕೊಳ್ಳುವುದು ಬಾಕಿಯಿತ್ತು. ಸೌಂಡಿನ ಪೆಟ್ಟಿಗೆಯಲ್ಲಿ ರಾಶಿ ಇದ್ದವು, ಮುಟ್ಟಲು ಒಪ್ಪಲಿಲ್ಲ. "ಅವು ತಂಡದ್ದು," ಎಂದ. ತಂಡಕ್ಕೆಂದು ಡಬ್ಬಿಗಟ್ಟಲೆ ತರುವಾಗ ಔಷಧಿ ಅಂಗಡಿಯಲ್ಲಿ ಎದೆ ಸೆಟೆಸಿ ನಿಲ್ಲುವವನು, ಮುಂದಿನ ಮಧ್ಯಾಹ್ನ ಬಾಗಲಕೋಟೆಯಲ್ಲಿ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಒಂದು ಅಂಗಡಿ ಹೊಕ್ಕು ಕೆಮ್ಮಿನ ಗುಳಿಗೆ ಹಿಡಿದು ಹೊರಬಂದ.

"ಒಳಗ ಹೆಣಮಕ್ಕಳಿದ್ರು."

ಇನ್ನೊಂದರಿಂದ ಹಲ್ಲುಪುಡಿ ತಂದ. "ಅಲ್ಲಿ ನಮ್ಮ ಮಾವನ ದೋಸ್ತ ಅದಾನ."

"ನಾ ಹೋಗ್ಲೇನ?"

"ನೀ? ನಾ ಸತ್ತೇನೇನ?"

ಕೊನೆಗೆ ಅವನು ಹೊಕ್ಕದ್ದು ತಂಡಕ್ಕೆ ಕೊಳ್ಳುವ ಅಂಗಡಿ. ಅಂಗಡಿಯವರು ಅವನನ್ನು ನೋಡಿದವರೇ ದೊಡ್ಡ ಡಬ್ಬಿಗೆ ಕೈ ಹಾಕಿದರು. "ಬರ್ರಿ ಬರ್ರಿ, ಮೈಕಿಗೇನ್ರಿ?"

ಆಗ ಅವನು ಪರದೆ ಹಿಂದಿನ ಅದೇ ದನಿಯಲ್ಲಿ, ರಸ್ತೆಯಾಚೆ ನಿಂತ ನನಗೆ ಸ್ಪಷ್ಟವಾಗಿ ಕೇಳುವಂತೆ, "ಮೈಕಿಗಲ್ರಿ, ನನಗ!" ಎಂದ.

ಇಷ್ಟೆಲ್ಲ ಸುತ್ತಾಡುವಷ್ಟರಲ್ಲಿ ಹೊತ್ತು ಹೋಗಿತ್ತು. ಸಂಜೆ ಕಲಾದಗಿಯಲ್ಲಿ ಕಾರ್ಯಕ್ರಮ, ಕೋಣೆಗೆ ಹೋಗುವ ಮಾತೇ ಇರಲಿಲ್ಲ. ಮೊದಲ ಅಂಗಡಿಯಲ್ಲೇ ಕೊಂಡೆ ಎಂದು ಅವನು ಈಗ ವಾದಿಸುತ್ತಾನೆ. ಕೆಮ್ಮಿನ ಗುಳಿಗೆ ಎಲ್ಲಿಂದ ಬಂದವು ಎಂದರೆ ಕೆಮ್ಮತೊಡಗುತ್ತಾನೆ. ನನಗಾದರೂ ಅಂಗಡಿಗಳ ಕ್ರಮ ಸರಿಯಾಗಿ ನೆನಪಿದೆಯೆಂದು ಆಣೆ ಮಾಡಲಾರೆ. ಬಸ್ಸಿನಲ್ಲಿ ಅವನು ಪಕ್ಕದಲ್ಲಿ ಕೂತು, ಪ್ಯಾಂಟಿನ ಜೇಬನ್ನು ಕಳ್ಳರಿಗೆ ಹೆದರಿದವನಂತೆ ಅಂಗೈಯಿಂದ ಮುಚ್ಚಿಕೊಂಡಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

"ನಾಳಿಗಿ ಬರ್ತಿ ಏನ?" ಎಂದು ಕೇಳಿದ.

"ಬರ್ತೇನಿ," ಎಂದೆ.