ಅಂಕಿ ನಿಲ್ಲುವವರೆಗೆ

ಶ್ರೀನಿವಾಸಪುರದ ಮಾವಿನ ಮಂಡಿಯ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗುತ್ತಿದ್ದ ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಲಾರಿ ಹತ್ತಿಸಿದ ಕೂಡಲೇ ತೂಕ ಕೇಳುವವರಿಗೆ, ಕಂಪ್ಯೂಟರಿನಲ್ಲಿ ಏರಿಳಿಯುವ ಅಂಕಿಯಿಂದ ಕಣ್ಣು ತೆಗೆಯದೆ ಅವರು ಹೇಳುತ್ತಿದ್ದುದು ಒಂದೇ ಮಾತು: “ಇರಪ್ಪಾ, ಅಂಕಿ ನಿಲ್ಲಲಿ.”

ಆ ಕಂಪ್ಯೂಟರಿಗೆ ಅವರೇ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದರು. ಅದರ ಹೊಸ ಆವೃತ್ತಿ ಬಂದಾಗ, ಲಾರಿಗಳಿಲ್ಲದ ಒಂದು ಮಧ್ಯಾಹ್ನ ನೋಡಿ ಅಪ್‌ಡೇಟ್ ಶುರು ಮಾಡಿದರು. ಅಷ್ಟರಲ್ಲಿ ಮೋಡ ಕಟ್ಟಿತು. ಮಳೆಗೆ ಹೆದರಿ ತೋಟಗಳಿಂದ ಲಾರಿಗಳು ಒಟ್ಟಿಗೇ ಬಂದು ರಸ್ತೆಯುದ್ದಕ್ಕೂ ನಿಂತವು. ಎಲ್ಲರಿಗಿಂತ ಮುಂದೆ ನನ್ನ ತೋತಾಪುರಿ ಲೋಡು. ಪರದೆಯ ಮೇಲೆ ಶೇಕಡಾ ಎಂಬತ್ತಕ್ಕೆ ಬಂದ ಅಂಕಿ ಅಲ್ಲೇ ನಿಂತುಬಿಟ್ಟಿತು.

“ಏಮಕ್ಕಾ, ಆಫ್ ಮಾಡಿ ಆನ್ ಮಾಡು, ಸರಿಹೋಗ್ತದೆ,” ಎನ್ನುತ್ತ ನನ್ನ ಡ್ರೈವರ್ ಗೋಡೆಯ ಸ್ವಿಚ್ಚಿಗೆ ಕೈ ಚಾಚಿದ.

ಅಕ್ಕ ಎದ್ದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತರು. “ನಡುವೆ ಆಫ್ ಮಾಡಿದ್ರೆ ಇದು ಮತ್ತೆ ಏಳಲ್ಲ. ಇವತ್ತು ಯಾರ ಲಾರೀನೂ ತೂಗೋಕಾಗಲ್ಲ.”

ಹಿಂದೆ ಹಾರನ್ ಮೇಲೆ ಹಾರನ್. ತಗಡಿನ ಸೂರಿನ ಮೇಲೆ ಮೊದಲ ಹನಿಗಳು ಬಿದ್ದವು. ಅವರು ಜಾಗ ಬಿಟ್ಟು ಕದಲಲಿಲ್ಲ.

ಕೊನೆಗೆ ಅಂಕಿ ಓಡಿತು. ಪರದೆ ಕಪ್ಪಾಗಿ, ಮತ್ತೆ ಬೆಳಗಿತು. ನಮ್ಮ ಲಾರಿ ಹತ್ತಿತು. ಎಷ್ಟು ಬಂತಕ್ಕಾ ಎಂದೆ.

“ಇರಪ್ಪಾ, ಅಂಕಿ ನಿಲ್ಲಲಿ,” ಎಂದರು. ಅವರ ದನಿ ನಡುಗಿದ್ದು ಆಗ.