ಯಾರ ಜೊತೆ ಹೋಲಿಸಿದ್ರಿ?

ಕೀಲು ಸವೆಯುವ ಕಾಯಿಲೆಗೆ ವಂಶವಾಹಿ ಕಾರಣವೇ ಎಂದು ಹುಡುಕುತ್ತಿದ್ದ ನಮ್ಮ ತಂಡದಲ್ಲಿ ಅಂಕಿಅಂಶ ನೋಡುತ್ತಿದ್ದವರು ಒಬ್ಬ ಮೇಡಂ. ರಕ್ತ ತರುವ ಕೆಲಸ ನನ್ನದು. ಏನು ತಂದುಕೊಟ್ಟರೂ ಕನ್ನಡಕವನ್ನು ಹಣೆಗೇರಿಸಿ, "ಯಾರ ಜೊತೆ ಹೋಲಿಸಿದ್ರಿ?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ರೋಗಿಗಳೆಲ್ಲ ಸೊರಬದ ಕಡೆಯವರು. ಆರೋಗ್ಯವಂತರ ರಕ್ತವನ್ನು ನಾನು ಮನೆಗೆ ಹತ್ತಿರವೆಂದು ಶಿಕಾರಿಪುರದ ಅಂಜನಾಪುರ, ಉಡುತಡಿಗಳಲ್ಲೇ ತೆಗೆದಿದ್ದೆ. ವಂಶವಾಹಿಯ ಒಂದು ರೂಪ ರೋಗಿಗಳಲ್ಲೇ ಹೆಚ್ಚಾಗಿ ಕಂಡಿತು. ನಾವೆಲ್ಲ ಹಿಗ್ಗಿದೆವು.

ಮೇಡಂ ಮಾತ್ರ, "ಇದು ಕಾಯಿಲೆಯ ವ್ಯತ್ಯಾಸವೋ, ಎರಡು ಕಡೆಯ ಜನರ ವ್ಯತ್ಯಾಸವೋ? ಸೊರಬದಲ್ಲೇ ಆರೋಗ್ಯವಾಗಿರೋರ ರಕ್ತ ತನ್ನಿ," ಎಂದರು.

"ಮತ್ತೆ ಸೂಜಿ ಹಿಡ್ಕೊಂಡು ಹೋದ್ರೆ ಜನ ಬಾಗಿಲು ಹಾಕ್ತಾರ್ರೀ ಮೇಡಂ!"

"ಹಾಕ್ಲಿ. ತಟ್ಟಿ."

ಎರಡು ತಿಂಗಳು ಬೈದುಕೊಂಡೇ ತಿರುಗಿದೆ. ಕೊನೆಗೆ ನೋಡಿದರೆ ಸೊರಬದ ಆರೋಗ್ಯವಂತರಲ್ಲೂ ಆ ರೂಪ ಅಷ್ಟೇ ಇತ್ತು. ಅದು ಆ ಕಡೆಯ ಜನರ ವ್ಯತ್ಯಾಸ, ಕಾಯಿಲೆಯದಲ್ಲ. ಆದರೆ ನಾನು ಮೊದಲ ಹುಮ್ಮಸ್ಸಿನಲ್ಲಿ ಅಲ್ಲಿನ ರೋಗಿಯೊಬ್ಬರಿಗೆ, "ಕಾರಣ ಸಿಕ್ತು, ನಿಮ್ಮ ಮಗಳಿಗೂ ಬರಬಹುದು," ಎಂದುಬಿಟ್ಟಿದ್ದೆ. ಅವರು ಮಗಳಿಗೆ ಬಂದಿದ್ದ ಮದುವೆಯ ಸಂಬಂಧವನ್ನೇ ನಿಲ್ಲಿಸಿದ್ದರು.

ಮೇಡಂಗೆ ಹೇಳಿದೆ. ಬೈಯಲಿಲ್ಲ, ಚೀಲ ಹೆಗಲಿಗೇರಿಸಿ "ನಡೀರಿ" ಎಂದರು. ಆ ಮನೆಯಂಗಳದಲ್ಲಿ ನಾನು ತೊದಲುತ್ತಿದ್ದಾಗ ಮೇಡಂ ಮುಂದೆ ಬಂದು, "ನಾವು ತಪ್ಪು ಹೇಳಿದ್ವಮ್ಮ. ನಮಗೆ ಸಿಕ್ಕಿದ್ದು ಕಾರಣವಲ್ಲ," ಎಂದರು.

ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು: "ಹಂಗಾದ್ರೆ ಅಮ್ಮಂಗೆ ಯಾಕೆ ನೋವು?"

"ಗೊತ್ತಿಲ್ಲಮ್ಮ. ಇನ್ನೂ ಹುಡುಕ್ಬೇಕು."

ತಾಯಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ಫೋನು ತೆಗೆದು, ಗಂಡಿನ ಕಡೆಯವರ ನಂಬರು ಹುಡುಕತೊಡಗಿದರು.